ಟ್ಯಾಟೂ ಹಾಕಿಸಿದ್ದಾಯ್ತು, ಇನ್ನು ಅದನ್ನು ಸುಮ್ನೆ ಬಿಡಿ

ಓದುಗರ ಪ್ರಶ್ನೆ, ಚರ್ಮದ ಡಾಕ್ಟರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೊಡವೆ, ತಲೆಹೊಟ್ಟು ಎರಡನ್ನೂ ಹಿಂದೆ ಹಾಕಿದ್ದು ಟ್ಯಾಟೂ. ಹಾಕಿಸಲೋ ಬೇಡವೋ ಅಂತ ಕೇಳಿದವರು ಒಬ್ಬರು ಮಾತ್ರ. ಉಳಿದವರೆಲ್ಲ ಹಾಕಿಸಿಕೊಂಡ ಮೇಲೆಯೇ ಬರೆದಿದ್ದಾರೆ, ಕೆಲವರು ಗಾಬರಿಯಲ್ಲಿ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ಶನಿವಾರ ಮುಂಗೈ ಮೇಲೆ ಟ್ಯಾಟೂ ಹಾಕಿಸಿದೆ. ಆರ್ಟಿಸ್ಟ್ ಪ್ಲಾಸ್ಟಿಕ್ ಸುತ್ತಿ, ಮೂರು ನಾಲ್ಕು ಗಂಟೆ ಬಿಟ್ಟು ತೆಗೆದು ತೊಳೆಯಿರಿ ಅಂದರು. ತೆಗೆದು ನೋಡಿದರೆ ಕಪ್ಪು ನೀರು, ಜೊತೆಗೆ ಸ್ವಲ್ಪ ರಕ್ತ. ಅವ್ವ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚು ಅಂತಾಳೆ. ಗೆಳತಿ ಡೆಟಾಲ್ ಅಂತಾಳೆ. ಅಜ್ಜಿ ಬದನೆಕಾಯಿ ತಿನ್ನಬೇಡ, ನಂಜಾಗುತ್ತದೆ ಅಂತಾಳೆ. ಯಾರ ಮಾತು ಕೇಳಲಿ?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆರ್ಟಿಸ್ಟ್ ಮಾತು ಕೇಳಿ, ಉಳಿದ ಮೂವರಿಗೆ ಹೂಂ ಅಂದುಬಿಡಿ.

ಮೊದಲು ಕಪ್ಪು ನೀರಿನ ಗಾಬರಿ ಬಿಡಿ. ಟ್ಯಾಟೂ ಸೂಜಿ ಚರ್ಮದ ಮೇಲ್ಪದರ ದಾಟಿ ಒಳಪದರಕ್ಕೆ, ಅಂದರೆ ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕೆ, ಸಾವಿರಾರು ಸಲ ಚುಚ್ಚಿ ಬಣ್ಣ ಬಿಟ್ಟಿರುತ್ತದೆ. ಅಂದಮೇಲೆ ಅದು ಗಾಯವೇ, ನೋಡಲು ಚೆನ್ನಾಗಿದೆ ಅಷ್ಟೇ. ಮೊದಲ ಒಂದೆರಡು ದಿನ ಅಲ್ಲಿಂದ ತಿಳಿ ರಸ, ಚೂರು ರಕ್ತ, ಮೇಲೆ ಉಳಿದ ಇಂಕು ಎಲ್ಲ ಸೇರಿ ಜಿನುಗುತ್ತದೆ. ಒಳಗೆ ಕೂತ ಬಣ್ಣ ಸೋರಿಹೋಗುತ್ತಿಲ್ಲ.

ತೊಳೆಯುವುದು ದಿನಕ್ಕೆ ಎರಡು ಸಲ ಸಾಕು, ತುಂಬಾ ಬೆವರಿದ ದಿನ ಇನ್ನೊಂದು ಸಲ. ಮುಟ್ಟುವ ಮೊದಲು ನಿಮ್ಮ ಕೈ ಸೋಪಿನಲ್ಲಿ ತೊಳೆದುಕೊಳ್ಳಿ, ಎಲ್ಲರೂ ಮರೆಯುವುದು ಇದನ್ನೇ. ಉಗುರುಬೆಚ್ಚಗಿನ ನೀರು, ಪರಿಮಳ ಇಲ್ಲದ ಮೆತ್ತನೆಯ ಸೋಪು, ಬರೀ ಅಂಗೈ. ಸ್ಪಂಜು ಬೇಡ, ಸ್ನಾನದ ಬ್ರಶ್ ಬೇಡ, ಷವರಿನ ನೀರು ನೇರವಾಗಿ ರಭಸದಿಂದ ಬೀಳುವುದೂ ಬೇಡ. ಅಂಟಂಟಾಗಿರುವ ರಸ ಹೋಗುವವರೆಗೆ ಮೆಲ್ಲಗೆ ಸವರಿ ತೊಳೆಯಿರಿ. ಅದನ್ನು ಬಿಟ್ಟರೆ ಒಣಗಿ ದಪ್ಪ ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ದಪ್ಪ ಆದಷ್ಟೂ ಉದುರುವಾಗ ಬಣ್ಣವನ್ನೂ ಎತ್ತಿಕೊಂಡು ಹೋಗುವ ಸಾಧ್ಯತೆ ಜಾಸ್ತಿ. ಒರೆಸಲು ಮನೆಮಂದಿಯೆಲ್ಲ ಬಳಸುವ ಟವೆಲ್ ಮುಟ್ಟಬೇಡಿ. ಟಿಶ್ಯೂ ಪೇಪರ್ ಒತ್ತಿ ತೆಗೆಯಿರಿ, ಹತ್ತು ನಿಮಿಷ ಗಾಳಿಗೆ ಬಿಡಿ. ಆಮೇಲೆ ಪರಿಮಳ ಇಲ್ಲದ ಆಯಿಂಟ್ಮೆಂಟ್ ಅಥವಾ ಮಾಯಿಶ್ಚರೈಸರ್ ತೆಳ್ಳಗೆ. ತೆಳ್ಳಗೆ ಅಂದರೆ ನಿಜವಾಗಲೂ ತೆಳ್ಳಗೆ. ಹಚ್ಚಿದ ಮೇಲೆ ಫಳಫಳ ಹೊಳೆಯುತ್ತಿದ್ದರೆ ಜಾಸ್ತಿಯಾಯಿತು ಅಂತ ಅರ್ಥ, ಟಿಶ್ಯೂ ಒತ್ತಿ ತೆಗೆದುಬಿಡಿ. ಗಾಯ ಸದಾ ಒದ್ದೆಯಾಗಿದ್ದರೆ ಚರ್ಮ ನೆನೆದು ಬೆಳ್ಳಗಾಗುತ್ತದೆ, ಸುತ್ತ ಸಣ್ಣ ಗುಳ್ಳೆ ಏಳುತ್ತವೆ. ನನ್ನ ಹತ್ತಿರ ಬರುವವರಲ್ಲಿ ಹಚ್ಚದೇ ಹಾಳು ಮಾಡಿಕೊಂಡವರಿಗಿಂತ ಜಾಸ್ತಿ ಹಚ್ಚಿ ಹಾಳು ಮಾಡಿಕೊಂಡವರೇ ಹೆಚ್ಚು. ಆ ಪ್ಲಾಸ್ಟಿಕ್ಕನ್ನು ತೆಗೆದ ಮೇಲೆ ಅದನ್ನೇ ತೊಳೆದು ಮತ್ತೆ ಸುತ್ತಿಕೊಳ್ಳುವ ಬುದ್ಧಿವಂತರೂ ಇದ್ದಾರೆ. ಬೇಡ.

ಅರಿಶಿನದ ವಿಷಯಕ್ಕೆ ಬರೋಣ. ಅವ್ವನ ಮಾತಿಗೆ ಬುಡ ಇಲ್ಲದಿಲ್ಲ. ಹಿಂದೆ ಊರೂರಿಗೆ ಬಂದು ಹಚ್ಚೆ ಹಾಕುತ್ತಿದ್ದ ಕೊರವಂಜಿಯರು ದೀಪದ ಕಾಡಿಗೆ, ಸೊಪ್ಪಿನ ರಸ ಕಲಸಿ ಸೂಜಿಯಿಂದ ಚುಚ್ಚಿ, ಬಾವು ಬರದಿರಲಿ ಅಂತ ಮೇಲೆ ಅರಿಶಿನ ಹಚ್ಚುತ್ತಿದ್ದರು. ಆಗ ಅವರ ಕೈಯಲ್ಲಿದ್ದದ್ದು ಅದೊಂದೇ. ಈಗ ಅಡುಗೆಮನೆ ಡಬ್ಬಿಯ ಅರಿಶಿನ ಗಾಯಕ್ಕೆ ಹಾಕುವಷ್ಟು ಶುದ್ಧ ಅಲ್ಲ, ಅದರಲ್ಲಿ ಎಲ್ಲರ ಚಮಚ ಮುಳುಗಿರುತ್ತದೆ. ಇನ್ನೊಂದು ತೊಂದರೆ, ಹಳದಿ ಬಣ್ಣದ ಕೆಳಗೆ ಚರ್ಮ ಕೆಂಪಾಗುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಅರಿಶಿನವೇ ಅಲರ್ಜಿ. ಕೊಬ್ಬರಿ ಎಣ್ಣೆಗೆ ನನ್ನ ವಿರೋಧ ಇಲ್ಲ, ಆದರೆ ಸಿಪ್ಪೆಯೆಲ್ಲ ಉದುರಿ ಗಾಯ ಮುಚ್ಚಿದ ಮೇಲೆ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಸಿ ಗಾಯವನ್ನು ಸುಟ್ಟು ಒಣಗಿಸುತ್ತವೆ, ಹೊಸ ಚರ್ಮ ಬೆಳೆಯಲು ಬಿಡುವುದಿಲ್ಲ.

ಬದನೆಕಾಯಿ ತಿನ್ನಿ. ಮೊಟ್ಟೆ, ಮೀನು, ಬೇಳೆಯನ್ನೂ ತಿನ್ನಿ, ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು. ನಿಮಗೆ ಯಾವುದಾದರೂ ತಿಂದರೆ ಮೊದಲಿನಿಂದಲೂ ಮೈ ತುರಿಸುತ್ತದೆ ಅಂತಿದ್ದರೆ ಅದೊಂದನ್ನು ಬಿಡಿ, ಸಾಕು.

ರಾತ್ರಿ ಹಳೇ ಹತ್ತಿಬಟ್ಟೆ ಹಾಸಿ ಮಲಗಿ. ಬೆಳಿಗ್ಗೆ ಬಟ್ಟೆ ಗಾಯಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಬಟ್ಟೆ ಸಮೇತ ನಲ್ಲಿ ಕೆಳಗೆ ಹಿಡಿದು ನೆನೆಸಿ, ತಾನಾಗೇ ಬಿಡುತ್ತದೆ.

ಪ್ರಶ್ನೆ: ನನಗೆ ಪ್ಲಾಸ್ಟಿಕ್ ಬದಲು ಪಾರದರ್ಶಕ ಸ್ಟಿಕ್ಕರ್ ಥರದ್ದು ಅಂಟಿಸಿದ್ದಾರೆ. ಸೆಕೆಂಡ್ ಸ್ಕಿನ್ ಅಂದರು, ನಾಲ್ಕು ದಿನ ಇರಲಿ ಅಂದರು. ಒಂದೇ ದಿನಕ್ಕೆ ಒಳಗೆ ಕಪ್ಪು ನೀರು ತುಂಬಿ ಚೀಲದ ಹಾಗೆ ಉಬ್ಬಿದೆ. ಒಡೆದುಬಿಡಲಾ?
– ಮೈಸೂರು

ಉತ್ತರ: ನೀರು ತುಂಬುವುದು ಸಾಮಾನ್ಯ. ಅಂಚು ನಾಲ್ಕೂ ಕಡೆ ಗಟ್ಟಿಯಾಗಿ ಹಿಡಿದಿದ್ದರೆ ಬಿಟ್ಟುಬಿಡಿ. ಅಂಚು ಎಲ್ಲಾದರೂ ಎದ್ದು ಆ ನೀರು ಹೊರಗೆ ಸೋರುತ್ತಿದ್ದರೆ ಮಾತ್ರ ಇಟ್ಟುಕೊಳ್ಳಬೇಡಿ, ಯಾಕೆಂದರೆ ಸೋರುವ ದಾರಿಯಲ್ಲೇ ಕೊಳೆ ಒಳಗೂ ಹೋಗುತ್ತದೆ. ಸೂಜಿಯಿಂದ ಚುಚ್ಚಿ ನೀರು ತೆಗೆದು ಮೇಲೆ ಟೇಪು ಅಂಟಿಸುವ ಸಾಹಸ ಬೇಡ. ತೆಗೆಯುವಾಗ ಬೆಚ್ಚಗಿನ ನೀರಿನ ಕೆಳಗೆ ಹಿಡಿದು, ಕೂದಲು ಬೆಳೆದ ದಿಕ್ಕಿಗೇ, ಚರ್ಮಕ್ಕೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಿರಿ. ಅಂಟು ಇದ್ದ ಜಾಗದಲ್ಲಷ್ಟೇ ಚೌಕಾಕಾರದಲ್ಲಿ ಕೆಂಪು, ತುರಿಕೆ ಕಂಡರೆ ನಿಮಗೆ ಆ ಅಂಟೇ ಆಗುವುದಿಲ್ಲ. ಕೂಡಲೇ ತೆಗೆದು ಮಾಮೂಲಿನಂತೆ ತೊಳೆದುಕೊಳ್ಳಿ, ಮುಂದಿನ ಸಲ ಆರ್ಟಿಸ್ಟ್‌ಗೆ ಮೊದಲೇ ಹೇಳಿ.

ಪ್ರಶ್ನೆ: ಆರನೇ ದಿನ. ಟ್ಯಾಟೂ ಮೇಲಿನ ಚರ್ಮ ಕಪ್ಪು ಕಪ್ಪು ಚೂರಾಗಿ ಉದುರುತ್ತಿದೆ. ಕೆಳಗೆ ಮಂಕಾಗಿ, ಹಾಲು ಬಳಿದ ಹಾಗಿದೆ. ಕೊಟ್ಟ ದುಡ್ಡೆಲ್ಲ ಉದುರಿಹೋಗುತ್ತಿದೆ ಅನ್ನಿಸುತ್ತಿದೆ. ತುರಿಕೆಯಂತೂ ತಡೆಯಲು ಆಗುತ್ತಿಲ್ಲ.
– ಶಿವಮೊಗ್ಗ

ಉತ್ತರ: ಉದುರುತ್ತಿರುವುದು ಹಳೇ ಮೇಲ್ಪದರ. ಸೂಜಿ ಒಳಗೆ ಹೋಗುವಾಗ ಅದರಲ್ಲೂ ಒಂದಿಷ್ಟು ಇಂಕು ಉಳಿದಿತ್ತು, ಅದಕ್ಕೇ ಆ ಚೂರುಗಳಿಗೂ ಬಣ್ಣ. ನಾಲ್ಕನೇ ದಿನದಿಂದ ಎರಡು ವಾರದವರೆಗೆ ಇದು ನಡೆಯುವುದೇ. ಮಂಕಾಗಿ ಕಾಣುವುದು ಹೊಸ ಚರ್ಮ ಇನ್ನೂ ಎಳಸು ಇರುವುದರಿಂದ. ಮೇಲ್ಭಾಗ ಮುಚ್ಚಲು ಎರಡು ಮೂರು ವಾರ ಬೇಕು, ಒಳಗಿನ ರಿಪೇರಿ ಮುಗಿಯಲು ತಿಂಗಳುಗಳೇ ಬೇಕು. ನಿಜವಾದ ಬಣ್ಣ ಹೇಗಿದೆ ಅಂತ ಒಂದೂವರೆ ತಿಂಗಳಾದ ಮೇಲೆ ನೋಡಿ. ಅಲ್ಲಿ ಇಲ್ಲಿ ಬಣ್ಣ ಬಿಟ್ಟಿದ್ದರೆ ಆಗ ಟಚ್‌ಅಪ್ ಮಾಡಿಸಿಕೊಳ್ಳಬಹುದು. ಈಗಲೇ ಆರ್ಟಿಸ್ಟ್ ಹತ್ತಿರ ಜಗಳಕ್ಕೆ ಹೋಗಬೇಡಿ.

ಬಣ್ಣ ಒಳಗೆ ಉಳಿಯುವ ಬಗೆ ಸ್ವಾರಸ್ಯದ್ದು, ಹೇಳಿಬಿಡುತ್ತೇನೆ. ಇಂಕು ಒಳಗೆ ಹೋದ ತಕ್ಷಣ ನಮ್ಮ ರೋಗನಿರೋಧಕ ವ್ಯವಸ್ಥೆಯ ಮ್ಯಾಕ್ರೋಫೇಜ್ ಅನ್ನುವ ಕಣಗಳು ಓಡಿಬಂದು ಅದನ್ನು ನುಂಗುತ್ತವೆ. ನುಂಗಿದ್ದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ, ಹೊತ್ತುಕೊಂಡು ಅಲ್ಲೇ ಕೂರುತ್ತವೆ. ಆ ಕಣ ಸತ್ತರೆ ಬಣ್ಣ ಹೊರಬೀಳುತ್ತದೆ, ಪಕ್ಕದಲ್ಲಿ ಹೊಸದಾಗಿ ಬಂದ ಕಣ ಮತ್ತೆ ನುಂಗುತ್ತದೆ. ಇಲಿಗಳ ಮೇಲೆ ಪ್ರಯೋಗ ಮಾಡಿ 2018ರಲ್ಲಿ ಇದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ವಿಜ್ಞಾನಿಗಳು. ಅಂದರೆ ನಿಮ್ಮ ಟ್ಯಾಟೂವನ್ನು ಈಗ ಹಿಡಿದಿಟ್ಟುಕೊಂಡಿರುವುದು ನಿಮ್ಮ ಮೈಯೇ, ನೀವು ಹಚ್ಚುವ ಕ್ರೀಮ್ ಅಲ್ಲ.

ತುರಿಕೆಗೆ ಉಗುರು ತಾಗಿಸಬೇಡಿ. ಹಕ್ಕಳೆ ಕಿತ್ತರೆ ಬಣ್ಣ ಹೋಗಿ ಬಿಳಿ ಚುಕ್ಕೆ ಬೀಳುತ್ತದೆ, ಕಲೆಯೂ ಉಳಿಯಬಹುದು. ಸ್ವಚ್ಛವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ಐದು ನಿಮಿಷ ಇಡಿ, ಆಮೇಲೆ ತೆಳ್ಳಗೆ ಮಾಯಿಶ್ಚರೈಸರ್. ತಡೆಯಲು ಆಗದಿದ್ದರೆ ಅಂಗೈಯಿಂದ ಮೆಲ್ಲಗೆ ತಟ್ಟಿ. ರಾತ್ರಿ ನಿದ್ದೆಯಲ್ಲಿ ಕೆರೆದುಕೊಳ್ಳುವ ಅಭ್ಯಾಸ ಇರುವವರು ಉಗುರು ಕತ್ತರಿಸಿಕೊಂಡು ಮಲಗುವುದು ಒಳ್ಳೆಯದು. ನಿದ್ದೆಯೇ ಬರದಷ್ಟು ತುರಿಕೆ ಇದ್ದರೆ ಡಾಕ್ಟರ್ ಒಂದು ಅಲರ್ಜಿ ಮಾತ್ರೆ ಬರೆದುಕೊಡುತ್ತಾರೆ.

ಪ್ರಶ್ನೆ: ಫುಡ್ ಡೆಲಿವರಿ ಮಾಡುತ್ತೇನೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಾಕಿಸಿದ್ದೇನೆ. ದಿನಕ್ಕೆ ಹತ್ತು ಗಂಟೆ ಗಾಡಿ ಮೇಲೆ, ರಜೆ ಹಾಕಿದರೆ ಸಂಪಾದನೆ ಇಲ್ಲ. ಬಿಸಿಲು, ಧೂಳಿಗೆ ಏನು ಮಾಡಲಿ? ಸನ್‌ಸ್ಕ್ರೀನ್ ಹಚ್ಚಿದರೆ ಆಗುತ್ತಾ?
– ಬೆಂಗಳೂರು

ಉತ್ತರ: ಹಸಿ ಟ್ಯಾಟೂ ಮೇಲೆ ಸನ್‌ಸ್ಕ್ರೀನ್ ಬೇಡ. ಗಾಯ ಪೂರ್ತಿ ಮುಚ್ಚಿ, ಸಿಪ್ಪೆ ಉದುರುವುದು ನಿಂತ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಹಚ್ಚಿ, ಆಮೇಲೆ ಅದನ್ನು ಬಿಡಲೂಬೇಡಿ, ಯಾಕೆಂದರೆ ವರ್ಷಗಟ್ಟಲೆ ಬೀಳುವ ಬಿಸಿಲಿನಷ್ಟು ಬಣ್ಣ ಮಾಸಿಸುವುದು ಬೇರೆ ಯಾವುದೂ ಇಲ್ಲ. ಈಗ ನಿಮಗಿರುವುದು ಬಟ್ಟೆ ಒಂದೇ. ಸಡಿಲವಾದ, ತೋಳುದ್ದದ ಹತ್ತಿ ಅಂಗಿ ಹಾಕಿ. ರಸ್ತೆ ಬದಿ ಮಾರುವ ಬಿಗಿ ಸ್ಲೀವ್ ಇದೆಯಲ್ಲ, ಟೂ ವೀಲರ್‌ನವರೆಲ್ಲ ಹಾಕಿಕೊಳ್ಳುವುದು, ಅದು ಮಾತ್ರ ಎರಡು ಮೂರು ವಾರ ಬೇಡವೇ ಬೇಡ. ಒಳಗೆ ಬೆವರು ನಿಲ್ಲುತ್ತದೆ, ಎಳೆದು ಹಾಕುವಾಗ, ತೆಗೆಯುವಾಗ ಹಕ್ಕಳೆ ಕಿತ್ತುಬರುತ್ತದೆ. ಜಾಕೆಟ್ ಹಾಕಲೇಬೇಕಾದರೆ ಒಳಗೆ ಹತ್ತಿ ಅಂಗಿ ಇರಲಿ, ಅದನ್ನು ದಿನಾ ಒಗೆಯಿರಿ.

ಧೂಳು ಬಿತ್ತು ಅಂತ ಸಿಗ್ನಲ್‌ನಲ್ಲಿ ನಿಂತು ಕರ್ಚೀಫಿನಿಂದ ಒರೆಸಬೇಡಿ. ಮಧ್ಯಾಹ್ನ ಊಟಕ್ಕೆ ನಿಂತಾಗ ಕುಡಿಯುವ ನೀರಿನಿಂದಲೇ ತೊಳೆದು, ಟಿಶ್ಯೂ ಒತ್ತಿ, ಒಣಗಲು ಬಿಡಿ. ಕ್ರೀಮನ್ನು ಬೆಳಿಗ್ಗೆ ಕಡಿಮೆ, ರಾತ್ರಿ ಮನೆಗೆ ಬಂದ ಮೇಲೆ ಸರಿಯಾಗಿ ಹಚ್ಚಿ, ಯಾಕೆಂದರೆ ಜಿಡ್ಡಿನ ಮೇಲೆ ಧೂಳು ಜಾಸ್ತಿ ಕೂರುತ್ತದೆ. ಮೊದಲ ಮೂರು ದಿನವಾದರೂ ಬೆಳಿಗ್ಗೆ, ಸಂಜೆ ಪಾಳಿಗೆ ಬದಲಾಯಿಸಿಕೊಳ್ಳಲು ಆಗುತ್ತದಾ ನೋಡಿ. ಬೇರೆಯವರಿಗೂ ಒಂದು ಮಾತು: ಬಿಸಿಲಲ್ಲೇ ದುಡಿಯುವವರು ಟ್ಯಾಟೂವನ್ನು ಏಪ್ರಿಲ್, ಮೇನಲ್ಲಿ ಹಾಕಿಸಬೇಡಿ. ನವೆಂಬರ್, ಡಿಸೆಂಬರ್‌ಗೆ ಇಟ್ಟುಕೊಳ್ಳಿ, ಮಾಯುವುದು ಸುಲಭ.

ಪ್ರಶ್ನೆ: ಬೋಟಿನಲ್ಲಿ ಕೆಲಸ. ಕಾಲಿನ ಮೀನಖಂಡದ ಮೇಲೆ ಟ್ಯಾಟೂ ಹಾಕಿಸಿ ಐದು ದಿನ ಆಯ್ತು. ಉಪ್ಪುನೀರು ಗಾಯಕ್ಕೆ ಒಳ್ಳೆಯದು, ಬೇಗ ಒಣಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಹೌದಾ?
– ಮಲ್ಪೆ

ಉತ್ತರ: ಖಂಡಿತ ಅಲ್ಲ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ತೊಳೆಯುವುದು ಬೇರೆ, ಸಮುದ್ರದ ನೀರು ಬೇರೆ. ಬೆಚ್ಚಗಿನ ಸಮುದ್ರದ ನೀರಿನಲ್ಲಿ ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದರಲ್ಲೊಂದು ಜಾತಿ, ವಿಬ್ರಿಯೋ ವಲ್ನಿಫಿಕಸ್, ತೆರೆದ ಗಾಯದಿಂದ ಒಳಗೆ ಹೋದರೆ ಒಂದೆರಡು ದಿನದಲ್ಲೇ ಮಾಂಸ ಕೊಳೆಸುವಷ್ಟು ಭೀಕರ. ಅಮೆರಿಕದಲ್ಲಿ 31 ವರ್ಷದ ಒಬ್ಬಾತ ಟ್ಯಾಟೂ ಹಾಕಿಸಿದ ಐದೇ ದಿನಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿ ಈ ಸೋಂಕು ತಗುಲಿ ತೀರಿಕೊಂಡ ಪ್ರಕರಣ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅವನಿಗೆ ಕುಡಿತದಿಂದ ಲಿವರ್ ಕೆಟ್ಟಿತ್ತು, ಅದಕ್ಕೇ ಅಷ್ಟು ವಿಕೋಪಕ್ಕೆ ಹೋಯಿತು. ಎಲ್ಲರಿಗೂ ಹಾಗಾಗುವುದಿಲ್ಲ, ಇದು ಅಪರೂಪ. ಆದರೆ ಲಿವರ್ ತೊಂದರೆ, ಶುಗರ್ ಇರುವವರು ಈ ಮಾತನ್ನು ತಮಾಷೆ ಅಂದುಕೊಳ್ಳಬೇಡಿ.

ನೀವು ಕನಿಷ್ಠ ಮೂರು ವಾರ ಆ ಕಾಲು ಸಮುದ್ರದ ನೀರಿಗೆ, ಮೀನು ತೊಳೆದ ನೀರಿಗೆ, ಐಸ್ ಕರಗಿದ ನೀರಿಗೆ ತಾಗದ ಹಾಗೆ ನೋಡಿಕೊಳ್ಳಿ. ಆಗುವುದಿಲ್ಲ ಅಂದರೆ ದಡದ ಕೆಲಸ ಕೇಳಿ. ತಾಗಿದರೆ ಕೂಡಲೇ ಸೋಪು, ಸಿಹಿನೀರಿನಿಂದ ತೊಳೆಯಿರಿ. ಆಮೇಲೆ ಜ್ವರ, ಚಳಿ, ಕಾಲು ಬಾತು ವಿಪರೀತ ನೋವು, ನೇರಳೆ ಬಣ್ಣದ ಬೊಬ್ಬೆ ಕಂಡರೆ ಬೆಳಗಾಗಲಿ ಅಂತ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ, ಸಮುದ್ರದ ನೀರು ತಾಗಿತ್ತು ಅಂತ ಮೊದಲ ಮಾತಿನಲ್ಲೇ ಹೇಳಿ. ಡಾಕ್ಟರಿಗೆ ಅದು ಗೊತ್ತಾದರೆ ಔಷಧದ ಆಯ್ಕೆಯೇ ಬೇರೆ.

ಕಾಲಿನ ಟ್ಯಾಟೂ ಕೈಯದಕ್ಕಿಂತ ನಿಧಾನ, ನಿಂತೇ ಕೆಲಸ ಮಾಡುವವರಿಗೆ ಸಂಜೆ ಹೊತ್ತಿಗೆ ಬಾವು ಬರುತ್ತದೆ. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಳ್ಳಿ. ಕೆರೆ, ಹೊಳೆ, ಸ್ವಿಮ್ಮಿಂಗ್ ಪೂಲ್, ಕಲ್ಯಾಣಿ ಎಲ್ಲದಕ್ಕೂ ಇದೇ ಮೂರು ವಾರದ ಲೆಕ್ಕ.

ಪ್ರಶ್ನೆ: ಮಗನಿಗೆ 21 ವರ್ಷ. ಜಾತ್ರೆಯಲ್ಲಿ ನೆಲದ ಮೇಲೆ ಕೂತು ಹಾಕುವವನ ಹತ್ತಿರ 200 ರೂಪಾಯಿಗೆ ನನ್ನ ಹೆಸರು ಹಾಕಿಸಿಕೊಂಡು ಬಂದಿದ್ದಾನೆ. ಸೂಜಿ ಬದಲಿಸಿದನಾ ಅಂದರೆ ಗಮನಿಸಲಿಲ್ಲ ಅಂತಾನೆ. ಹತ್ತು ದಿನ ಆಯ್ತು, ಗಾಯವೇನೋ ಮಾದಿದೆ. ನನಗೆ ನಿದ್ದೆ ಇಲ್ಲ.
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಹೆಸರೇ ಹಾಕಿಸಿಕೊಂಡು ನಿಮ್ಮ ನಿದ್ದೆಯನ್ನೇ ಕೆಡಿಸಿದ್ದಾನೆ, ಏನು ಹೇಳೋಣ. ಬೈಯಬೇಡಿ ತಾಯಿ, ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ. ಮೇಲಿನ ಗಾಯ ಮಾದಿರುವುದು ಒಳ್ಳೆಯದೇ, ಆದರೆ ನಿಮ್ಮ ಹೆದರಿಕೆ ಇರುವುದು ರಕ್ತದಲ್ಲಿ ಹರಡುವ ಕಾಯಿಲೆಗಳ ಬಗ್ಗೆ, ಅವು ಗಾಯದಲ್ಲಿ ಕಾಣುವುದಿಲ್ಲ.

ಒಬ್ಬರಿಗೆ ಬಳಸಿದ ಸೂಜಿ, ಅದನ್ನು ಅದ್ದಿದ ಇಂಕಿನ ಬಟ್ಟಲು, ಎರಡರಿಂದಲೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ದಾಟಬಹುದು. ಮೂರರಲ್ಲಿ ಹೆಪಟೈಟಿಸ್ ಬಿ ತುಂಬಾ ಗಟ್ಟಿ ವೈರಸ್, ಒಣಗಿದ ರಕ್ತದಲ್ಲೂ ಏಳು ದಿನ ಬದುಕಬಲ್ಲದು. ಇದಕ್ಕೆ ಲಸಿಕೆ ಇದೆ. ನಮ್ಮಲ್ಲಿ ಎಲ್ಲ ರಾಜ್ಯಗಳಲ್ಲೂ ಶಿಶುಗಳಿಗೆ ಈ ಲಸಿಕೆ ಸಿಗುವಂತಾದದ್ದು 2011ರ ಹೊತ್ತಿಗೆ, ಹಾಗಾಗಿ ನಿಮ್ಮ ಮಗನಿಗೆ ಆಗಿರದೇ ಇರಬಹುದು. ಹಳೇ ಲಸಿಕೆ ಕಾರ್ಡ್ ಹುಡುಕಿ. ಇಲ್ಲದಿದ್ದರೆ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ ಈಗಲೇ ಶುರು ಮಾಡಿಸಿ: ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಕೊನೆಯದು. ಟೆಟನಸ್ ಇಂಜೆಕ್ಷನ್ ತೆಗೆದುಕೊಂಡು ಬಹಳ ವರ್ಷ ಆಗಿದ್ದರೆ ಅದನ್ನೂ ಹಾಕಿಸಿ.

ಎಚ್‌ಐವಿ ತಡೆಯಲು ಕೊಡುವ ಮಾತ್ರೆಯನ್ನು 72 ಗಂಟೆಯ ಒಳಗೆ ಶುರು ಮಾಡಬೇಕು, ಆ ಸಮಯ ದಾಟಿದೆ. ಹಾಗಂತ ಕೆಟ್ಟದ್ದೇ ಆಗಿದೆ ಅಂತಲ್ಲ, ಒಂದು ಸೂಜಿಯಿಂದ ಎಚ್‌ಐವಿ ತಗುಲುವ ಸಾಧ್ಯತೆ ಕಡಿಮೆಯೇ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ, ಹೆಸರು ಹೊರಗೆ ಹೋಗುವುದಿಲ್ಲ. ಈಗೊಮ್ಮೆ ಮಾಡಿಸಿ, ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ಹೆಪಟೈಟಿಸ್ ಎರಡಕ್ಕೂ ಈಗ ಮತ್ತು ಆರು ತಿಂಗಳಿಗೆ. ಅಲ್ಲಿಯವರೆಗೆ ಅವನ ರೇಜರ್, ಬ್ರಶ್ ಬೇರೆಯವರು ಬಳಸುವುದು ಬೇಡ.

ಇನ್ನು ಜಾತ್ರೆಯವನನ್ನೇ ಬೈದು ಸ್ಟುಡಿಯೋಗಳನ್ನು ಹೊಗಳುವುದಕ್ಕೂ ನಾನು ಸಿದ್ಧಳಿಲ್ಲ. ಏಸಿ ಇದೆ, ಗೋಡೆ ಮೇಲೆ ಚಿತ್ರ ಇದೆ ಅಂದಮಾತ್ರಕ್ಕೆ ಸೂಜಿ ಹೊಸದು ಅಂತಲ್ಲ. ಸೀಲ್ ಆದ ಪೊಟ್ಟಣವನ್ನು ನಿಮ್ಮ ಕಣ್ಣೆದುರು ಹರಿಯಬೇಕು, ಇಂಕನ್ನು ಪುಟ್ಟ ಹೊಸ ಬಟ್ಟಲಿಗೆ ಸುರಿದುಕೊಂಡು ಉಳಿದದ್ದನ್ನು ಎಸೆಯಬೇಕು, ಮಧ್ಯೆ ಫೋನ್ ಮುಟ್ಟಿದರೆ ಗ್ಲೌಸ್ ಬದಲಿಸಬೇಕು. ಕೇಳಲು ಸಂಕೋಚ ಯಾಕೆ? ದುಡ್ಡು ಕೊಡುವವರು ನೀವು. 2025ರಲ್ಲಿ ನಮ್ಮ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ, ಪರೀಕ್ಷಿಸಿದ ಟ್ಯಾಟೂ ಇಂಕುಗಳಲ್ಲಿ 22 ಲೋಹಗಳು ಸಿಕ್ಕಿವೆ, ಇದಕ್ಕೆ ನಿಯಮ ಬೇಕು ಅಂತ ಹೇಳಿದ್ದರು. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿಯಿಂದಲೇ ಟ್ಯಾಟೂ ಇಂಕಿನ ಸಾವಿರಾರು ರಾಸಾಯನಿಕಗಳ ಮೇಲೆ ನಿರ್ಬಂಧ ಇದೆ.

ಪ್ರಶ್ನೆ: ಟ್ಯಾಟೂ ಸುತ್ತ ಕೆಂಪಾಗಿತ್ತು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಒಂದು ಟ್ಯೂಬ್ ಕೊಟ್ಟರು, ಎರಡು ದಿನದಲ್ಲಿ ಕೆಂಪು ಮಾಯ. ನಿಲ್ಲಿಸಿದರೆ ಮತ್ತೆ ಬರುತ್ತದೆ, ಈಗ ಸಣ್ಣ ಸಣ್ಣ ಗುಳ್ಳೆ ಬೇರೆ. ಹಚ್ಚಲು ಶುರು ಮಾಡಿ ಮೂರು ವಾರ ಆಯ್ತು. ಮುಂದುವರಿಸಲಾ?
– ಕಲಬುರಗಿ

ಉತ್ತರ: ಇವತ್ತೇ ನಿಲ್ಲಿಸಿ, ಟ್ಯೂಬ್ ಎಸೆಯದೆ ಜೇಬಿನಲ್ಲಿಟ್ಟುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಅದರ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಬರೆದಿದ್ದರೆ ಅದು ಸ್ಟೀರಾಯ್ಡ್. ನಮ್ಮ ದೇಶದಲ್ಲಿ ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಔಷಧ ಮೂರನ್ನೂ ಕಲಸಿದ ಟ್ಯೂಬ್ ಚೀಟಿ ಇಲ್ಲದೆ ಸಿಗುತ್ತದೆ, ಗಜಕರ್ಣದಿಂದ ಹಿಡಿದು ಟ್ಯಾಟೂವರೆಗೆ ಎಲ್ಲದಕ್ಕೂ ಅದನ್ನೇ ಕೊಡುತ್ತಾರೆ. ಇದರ ಬಗ್ಗೆ ನನಗೆ ತುಂಬಾ ಸಿಟ್ಟಿದೆ. ಸ್ಟೀರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಕೆಂಪಿಗೆ ಕಾರಣವಾದ ಸೋಂಕನ್ನಲ್ಲ. ಸೋಂಕು ಕೆಳಗೆ ಆರಾಮಾಗಿ ಬೆಳೆಯುತ್ತದೆ, ಚರ್ಮವೂ ತೆಳುವಾಗುತ್ತದೆ.

ವಾರಗಳ ನಂತರ ಬರುವ ಸಣ್ಣ ಗುಳ್ಳೆಗಳನ್ನು ನಾವು ಹಗುರವಾಗಿ ನೋಡುವುದಿಲ್ಲ. ನೀರಿನಲ್ಲಿರುವ, ಕ್ಷಯದ ರೋಗಾಣುವಿನ ದೂರದ ಸಂಬಂಧಿಗಳಾದ ಬ್ಯಾಕ್ಟೀರಿಯಾ ಇಂಕಿನ ಜೊತೆ ಒಳಹೊಕ್ಕರೆ ಹೀಗೇ ಆಗುತ್ತದೆ. 2011-12ರಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಒಂದೇ ಆರ್ಟಿಸ್ಟ್ ಹತ್ತಿರ ಹಾಕಿಸಿಕೊಂಡ 19 ಜನರಿಗೆ ಇದು ಬಂತು. ಮೂಲ ಹುಡುಕಿದರೆ ಆರ್ಟಿಸ್ಟ್ ತಪ್ಪಲ್ಲ, ಮೊದಲೇ ತೆಳು ಮಾಡಿ ಬಾಟಲಿಯಲ್ಲಿ ಬರುತ್ತಿದ್ದ ಬೂದು ಬಣ್ಣದ ಇಂಕೇ ಕೆಟ್ಟಿತ್ತು. ನಮ್ಮಲ್ಲಿ ಬೂದು ಛಾಯೆಗೆ ಕಪ್ಪು ಇಂಕಿಗೆ ನಲ್ಲಿ ನೀರು ಬೆರೆಸಿದರೂ ಅದೇ ಅಪಾಯ. ಇದಕ್ಕೆ ಗುಳ್ಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಮಾತ್ರೆ ತಿಂಗಳುಗಟ್ಟಲೆ ಬೇಕಾಗಬಹುದು. ನಿಮಗೆ ಅದೇ ಆಗಿದೆ ಅಂತ ನಾನು ಪತ್ರ ನೋಡಿ ಹೇಳಲಾರೆ. ಆದರೆ ತೋರಿಸದೇ ಇರಬೇಡಿ.

ಮಾಮೂಲು ಕೆಂಪು ಯಾವುದು, ಸೋಂಕಿನ ಕೆಂಪು ಯಾವುದು ಅಂತ ತುಂಬಾ ಜನ ಕೇಳಿದ್ದಾರೆ. ಮಾಮೂಲು ಕೆಂಪು ದಿನದಿನಕ್ಕೆ ಇಳಿಯುತ್ತದೆ. ಮೂರನೇ ದಿನದ ನಂತರವೂ ಏರುತ್ತಿದ್ದರೆ ಅನುಮಾನ ಪಡಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ, ರಾತ್ರಿ ಕಳೆದು ನೋಡಿದಾಗ ಕೆಂಪು ಆ ಗೆರೆಯನ್ನು ದಾಟಿದ್ದರೆ ಆಸ್ಪತ್ರೆಗೆ ಹೊರಡಿ. ಹಳದಿ, ಹಸಿರು ಕೀವು, ಕೆಟ್ಟ ವಾಸನೆ, ಮುಟ್ಟಿದರೆ ಸುಡುವಷ್ಟು ಬಿಸಿ, ಜ್ವರ, ಕಂಕುಳಲ್ಲಿ ಗಂಟು, ಗಾಯದಿಂದ ಮೇಲಕ್ಕೆ ಹೋಗುವ ಕೆಂಪು ಗೆರೆ, ಇವುಗಳಲ್ಲಿ ಒಂದು ಕಂಡರೂ ಸ್ಟುಡಿಯೋಗೆ ಫೋಟೋ ಕಳಿಸಿ ಉತ್ತರಕ್ಕೆ ಕಾಯುವುದು ದಂಡ. ಆರ್ಟಿಸ್ಟ್ ಎಷ್ಟೇ ಒಳ್ಳೆಯವರಾದರೂ ಅವರು ಔಷಧ ಬರೆಯುವವರಲ್ಲ. ಆಂಟಿಬಯೋಟಿಕ್ ಪೌಡರ್ ಉದುರಿಸುವ ಅಭ್ಯಾಸವೂ ಬೇಡ, ಅದು ರಸದ ಜೊತೆ ಸೇರಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನಿಯೋಮೈಸಿನ್ ಇರುವ ಮುಲಾಮುಗಳಿಗೆ ಅಲರ್ಜಿ ಆಗುವವರೂ ಕಡಿಮೆ ಇಲ್ಲ.

ಪ್ರಶ್ನೆ: ದುಬೈಯಲ್ಲಿದ್ದೇನೆ. ಊರಿಗೆ ಬಂದಾಗ ಗುಲಾಬಿ ಹೂವಿನ ಟ್ಯಾಟೂ ಹಾಕಿಸಿದೆ, ಚೆನ್ನಾಗಿ ಮಾಯಿತು. ನಾಲ್ಕು ತಿಂಗಳ ನಂತರ ಕೆಂಪು ದಳಗಳು ಮಾತ್ರ ಉಬ್ಬಿ ತುರಿಸುತ್ತಿವೆ. ಎಲೆ, ಕಾಂಡ ಸರಿಯಾಗಿವೆ.
– ಮೂಲ ಉಡುಪಿ

ಉತ್ತರ: ಕೆಂಪು ಇಂಕಿನ ಅಲರ್ಜಿ ಇರಬೇಕು. ಟ್ಯಾಟೂ ಬಣ್ಣಗಳಲ್ಲಿ ಅಲರ್ಜಿ ಜಾಸ್ತಿ ಕೆಂಪಿಗೇ, ತಿಂಗಳು, ವರ್ಷ ಕಳೆದ ಮೇಲೂ ಬರುತ್ತದೆ, ಬಿಸಿಲು ಬಿದ್ದರೆ ಕೆಲವರಿಗೆ ಹೆಚ್ಚುತ್ತದೆ. ನೀವು ಆರೈಕೆಯಲ್ಲಿ ಏನೂ ತಪ್ಪು ಮಾಡಿಲ್ಲ. ಅಲ್ಲೇ ಚರ್ಮದ ಡಾಕ್ಟರಿಗೆ ತೋರಿಸಿ, ಇಂಥ ಕಡೆ ಅವರು ಸ್ಟೀರಾಯ್ಡ್ ಕೊಟ್ಟರೆ ಅದು ಸರಿಯಾದ ಬಳಕೆ, ಮೇಲಿನ ಪತ್ರ ಓದಿ ಹೆದರಬೇಡಿ. ಲೇಸರ್‌ನಲ್ಲಿ ತೆಗೆಸಿಬಿಡೋಣ ಅಂತ ಬ್ಯೂಟಿ ಪಾರ್ಲರ್ ಕಡೆ ಓಡಬೇಡಿ. ಅಲರ್ಜಿ ಇರುವ ಬಣ್ಣವನ್ನು ಲೇಸರ್ ಪುಡಿ ಮಾಡಿದರೆ ಅದು ಮೈಯೆಲ್ಲ ಹರಡಿ ಅಲರ್ಜಿ ಜೋರಾಗಬಹುದು. ಮತ್ತೆ ಎಲ್ಲಿ ಹಾಕಿಸಿದರೂ ಕೆಂಪು ಬೇಡ.

ಪ್ರಶ್ನೆ: ನನಗೆ 54, ಹತ್ತು ವರ್ಷದಿಂದ ಶುಗರ್ ಇದೆ. ಮೊಮ್ಮಗಳ ಹೆಸರು ಎದೆ ಮೇಲೆ ಹಾಕಿಸುವ ಆಸೆ. ಹಾಕಿಸಲೋ ಬೇಡವೋ? ನನ್ನ ಹೆಂಡತಿ ನಗುತ್ತಾಳೆ.
– ತುಮಕೂರು

ಉತ್ತರ: ನಗಲಿ ಬಿಡಿ. ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ, ಎಚ್‌ಬಿಎ1ಸಿ, ಮಾಡಿಸಿ. ಅದು ಹತೋಟಿಯಲ್ಲಿದೆ ಅಂತ ನಿಮ್ಮ ಡಾಕ್ಟರ್ ಅಂದರೆ ಹಾಕಿಸಬಹುದು. ಇಲ್ಲದಿದ್ದರೆ ಮಾಯುವುದು ತಡ, ಸೋಂಕೂ ಬೇಗ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆರ್ಟಿಸ್ಟ್‌ಗೆ ಹೇಳಿ, ಆದರೆ ಟ್ಯಾಟೂಗೋಸ್ಕರ ಆ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಜಾಗ ಮಾತ್ರ ಬದಲಿಸಿ ಅನ್ನುತ್ತೇನೆ. ಎದೆ, ಭುಜ ಎರಡೂ ಕೀಲಾಯ್ಡ್, ಅಂದರೆ ಗಾಯ ಮಾದ ಮೇಲೂ ಚರ್ಮ ಗಂಟಾಗಿ ಬೆಳೆಯುವ ಜಾಗಗಳು, ನಮ್ಮಂಥ ಮೈಬಣ್ಣದವರಿಗೆ ಅದು ಇನ್ನೂ ಜಾಸ್ತಿ. ಹಳೇ ಆಪರೇಷನ್ ಕಲೆಯೋ ಕಿವಿ ಚುಚ್ಚಿಸಿದ್ದೋ ಉಬ್ಬಿದ್ದರೆ ಎಲ್ಲಿಯೂ ಬೇಡ. ಕಾಲು, ಪಾದ ಅಂತೂ ಶುಗರ್ ಇರುವವರಿಗೆ ಬೇಡವೇ ಬೇಡ. ಮುಂಗೈ ಒಳಭಾಗ ಒಳ್ಳೆಯದು, ಮೊಮ್ಮಗಳಿಗೆ ತೋರಿಸಲೂ ಸುಲಭ.

ಪ್ರಶ್ನೆ: ಪ್ರತಿ ವರ್ಷ ನಮ್ಮ ಸಂಘದಿಂದ ರಕ್ತದಾನ ಶಿಬಿರ ಮಾಡುತ್ತೇವೆ, ನಾನೂ ಕೊಡುತ್ತೇನೆ. ಎರಡು ತಿಂಗಳ ಹಿಂದೆ ಸಣ್ಣ ನಕ್ಷತ್ರದ ಟ್ಯಾಟೂ ಹಾಕಿಸಿದೆ. ಪೂರ್ತಿ ಮಾದಿದೆ. ಈ ಸಲ ಕೊಡಬಹುದಾ?
– ಮಂಡ್ಯ

ಉತ್ತರ: ಈ ಸಲ ಆಗುವುದಿಲ್ಲ. ಟ್ಯಾಟೂ ಚಿಕ್ಕದಿರಲಿ ದೊಡ್ಡದಿರಲಿ, ನಮ್ಮ ದೇಶದ ರಕ್ತದಾನ ಮಾರ್ಗಸೂಚಿಯ ಪ್ರಕಾರ 12 ತಿಂಗಳು ಕಾಯಬೇಕು. ಹೊಸ ಸೋಂಕು ಪರೀಕ್ಷೆಯಲ್ಲಿ ಕಾಣಿಸಲು ಸಮಯ ಬೇಕು, ಅಷ್ಟರಲ್ಲಿ ರಕ್ತ ಬೇರೆಯವರ ಮೈ ಸೇರಿರಬಾರದು, ಅದಕ್ಕೇ ಈ ನಿಯಮ. ಸಂಘದ ಮರ್ಯಾದೆ ಅಂತ ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಿ ಮಲಗಬೇಡಿ, ಫಾರಂನಲ್ಲಿ ಟ್ಯಾಟೂ ಅಂತ ಕೇಳಿದ ಕಡೆ ತಾರೀಖು ಬರೆಯಿರಿ. ಈ ವರ್ಷ ಹೆಸರು ಬರೆದುಕೊಳ್ಳುವ ಟೇಬಲ್ ನೋಡಿಕೊಳ್ಳಿ, ಅಲ್ಲಿ ಯಾವಾಗಲೂ ಜನ ಸಾಲುವುದಿಲ್ಲ ಅಲ್ವಾ.